ಅಜ್ಜಿ ತೊಳೆದ ರೆಕಾರ್ಡ್

ನನ್ನ ಕಾಲೇಜು ಗೆಳೆಯನ ಅಣ್ಣ ಮುಂಬೈ ಬಂದರಿನಲ್ಲಿ ಸಾಮಾನು ಇಳಿಸುವ ಕೆಲಸಕ್ಕಿದ್ದ. ಎಪ್ಪತ್ತರ ದಶಕದ ಕೊನೆಯಲ್ಲಿ ಒಮ್ಮೆ ಊರಿಗೆ ಬಂದಾಗ ತಮ್ಮನಿಗೊಂದು ಎಲ್‌ಪಿ ರೆಕಾರ್ಡ್ ತಂದುಕೊಟ್ಟ. ಇಂಗ್ಲೆಂಡಿನ ರಾಕ್ ತಂಡವೊಂದರದು. ಅಲ್ಲಿ ವಾರಗಟ್ಟಲೆ ಮೊದಲ ಸ್ಥಾನದಲ್ಲಿತ್ತಂತೆ. ದುಂಡಸಿಯ ಅವರ ಮನೆಯಲ್ಲಿ ಗೋಡೆಗೆ ಬುದ್ಧನ ಪಟವಿತ್ತು, ಎರಡು ಎಕರೆ ಹೊಲವಿತ್ತು, ರೆಕಾರ್ಡ್ ಪ್ಲೇಯರ್ ಇರಲಿಲ್ಲ. ಅದು ಇದ್ದದ್ದು ಶಿಗ್ಗಾವಿಯ ನಮ್ಮ ಮನೆಯಲ್ಲಿ. ವಕೀಲರಾಗಿದ್ದ ಅಪ್ಪ ಸಂಗೀತ ಕೇಳಲೆಂದು ಕೊಂಡದ್ದು.

ಹದಿನೈದು ದಿನ ಗೆಳೆಯ ಆ ರೆಕಾರ್ಡಿನ ಹೊದಿಕೆ ನೋಡಿಯೇ ಕಾಲ ಕಳೆದ. ಹಿಂಬದಿಯಲ್ಲಿ ಅಚ್ಚಾದ ಹಾಡುಗಳ ಹೆಸರೆಲ್ಲ ಅವನಿಗೆ ಬಾಯಿಪಾಠ. ಕೇಳಿದ್ದು ಮಾತ್ರ ಒಂದೂ ಇಲ್ಲ. ನಿಮ್ಮ ಮನೆಗೆ ಬಂದು ಕೇಳಲೇ ಎಂದು ಒಂದು ದಿನ ಕೇಳಿದ. ಅವನು ನಮ್ಮ ಪಡಸಾಲೆ ದಾಟಿ ಒಳಗೆ ಬರುವಂತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತೆತ್ತಲಿಲ್ಲ. ಕೊನೆಗೆ ನಾನೇ ಉಪಾಯ ಹೂಡಿದೆ. ರವಿವಾರ ಮನೆಯವರೆಲ್ಲ ಸವಣೂರಿಗೆ ಆರಾಧನೆಯ ಊಟಕ್ಕೆ ಹೋಗುವವರಿದ್ದರು. ರೆಕಾರ್ಡನ್ನು ಮೊದಲೇ ತಂದಿಡುತ್ತೇನೆ, ನೀನು ಹನ್ನೊಂದರ ಬಸ್ಸಿಗೆ ಬಾ ಎಂದೆ.

ಶುಕ್ರವಾರ ಅದನ್ನು ಕಪಾಟಿನಲ್ಲಿಡುವಾಗ ಅಜ್ಜಿ ಯಾರದು ಎಂದು ಕೇಳಿದಳು. ನನಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ ಎಂದಲ್ಲ, ಅದರಲ್ಲಿ ಪಳಗಿದವನೇ. ಆದರೆ ಆ ವಾರವಷ್ಟೇ ಚರ್ಚಾಸ್ಪರ್ಧೆಯಲ್ಲಿ ಸಮಾನತೆಯ ಬಗ್ಗೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೆ, ಅಮಲು ಇಳಿದಿರಲಿಲ್ಲ. ಯಾರ ಮನೆಯದು ಎಂದು ಎದೆಯುಬ್ಬಿಸಿ ಹೇಳಿಯೇಬಿಟ್ಟೆ. ಅಜ್ಜಿ ಏನೂ ಅನ್ನಲಿಲ್ಲ. ಗೆದ್ದೆ ಅಂದುಕೊಂಡೆ.

ಮರುದಿನ ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಅವಳೇ ನಗುತ್ತ ಎದುರಾದಳು.

“ಅಂಟವಾಳ ಹಚ್ಚಿ ಚೊಲೋ ತೊಳದು ಮಾಳಿಗಿ ಮ್ಯಾಲೆ ಒಣಗಲಿಕ್ಕೆ ಇಟ್ಟೀನಿ. ಇನ್ನ ಒಳಗ ತಂದು ಹಚ್ಚಿಕೋ, ಏನೂ ಅಡ್ಡಿ ಇಲ್ಲ.”

ನನ್ನ ಮೇಲಿನ ಅಕ್ಕರೆಯಿಂದಲೇ ಮಾಡಿದ್ದಳು. ಅದೇ ನನಗೆ ಇವತ್ತಿಗೂ ಸಂಕಟ. ಸಿಟ್ಟು ಮಾಡಲೂ ಆಗಲಿಲ್ಲ. ಮಾಳಿಗೆಯ ಮೇಲೆ ಹೋಳಿಯ ಹೊತ್ತಿನ ಆ ಬಿಸಿಲಿನಲ್ಲಿ, ಸಂಡಿಗೆಯ ಪಕ್ಕ, ರೆಕಾರ್ಡ್ ಕರಿದ ಹಪ್ಪಳದಂತೆ ಡೊಂಕಾಗಿ ಬಿದ್ದಿತ್ತು. ತಂದು ಪ್ಲೇಯರಿಗೆ ಹಾಕಿದೆ. ಮುಳ್ಳು ಒಂದು ಸುತ್ತೂ ನಿಲ್ಲದೆ ಜಾರಿತು.

ರವಿವಾರ ರೆಕಾರ್ಡ್ ಹಿಡಿದುಕೊಂಡು ಹೋಗಿ ಬಸ್‌ಸ್ಟ್ಯಾಂಡಿನಲ್ಲೇ ಅವನನ್ನು ತಡೆದೆ. ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದ. ಅವತ್ತು ಸುಳ್ಳು ಸಲೀಸಾಗಿ ಬಂತು: ಕಿಡಕಿಯ ಹತ್ತಿರ ಇಟ್ಟು ಮರೆತೆ, ಬಿಸಿಲಿಗೆ ಸೊಟ್ಟಾಯಿತು, ತಪ್ಪು ನನ್ನದೇ. ಅವನು ರೆಕಾರ್ಡನ್ನು ಹೊದಿಕೆಯಿಂದ ಹೊರತೆಗೆದ. ನಡುವಿನ ಕಾಗದದ ಚೀಟಿ ನೀರು ಕುಡಿದು ಅರ್ಧ ಎದ್ದಿತ್ತು. ಅಂಟವಾಳದ ವಾಸನೆ ನನಗೇ ಬಡಿಯಿತು. ಆ ಚೀಟಿಯ ಮೇಲೆ ಬೆರಳಾಡಿಸಿದ.

“ನಮ್ಮವ್ವ ಒದ್ದಿ ಅರಿಬೀಲೆ ಎರಡ ಸಲ ಒರಿಸಿ ಕೊಟ್ಟಿದ್ಳಲೋ,” ಎಂದ. “ನಿಮ್ಮ ಮನಿಗೆ ಹೊಂಟೈತಿ ಅಂತ.”

ಅವನು ಬಂದ ಬಸ್ಸೇ ದುಂಡಸಿಗೆ ತಿರುಗಿ ಹೊರಡುವುದರಲ್ಲಿತ್ತು. ರೆಕಾರ್ಡನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿದ. ಆ ಹಾಡುಗಳಲ್ಲಿ ಒಂದನ್ನಾದರೂ ಮುಂದೆ ಎಲ್ಲಾದರೂ ಕೇಳಿದನೋ ಇಲ್ಲವೋ, ವಿಚಾರಿಸುವ ಮುಖ ನನಗೆ ಉಳಿಯಲಿಲ್ಲ.