ಬೇಲಿ ದಾಟುವ ಪಾಠ: ಮಾರ್ಲಿಸ್ ಟ್ವೈಟ್ ಅವರ ಮೂವತ್ತಮೂರು ವರ್ಷ

ನಮ್ಮ ರಾಜ್ಯದ ಉತ್ತರದ ಕೌಂಟಿಗಳಲ್ಲಿ ಬೇಟೆಗೆ ಹೊರಡುವ ಮುನ್ನ ಮಕ್ಕಳು ಮುಗಿಸಬೇಕಾಗಿದ್ದ ಬೇಟೆ ಶಿಕ್ಷಣವೆಂಬ ತರಗತಿಯೊಂದು ಇದೆಯೆಂದು ಬಲ್ಲವರಿಗೆಲ್ಲ ಮಾರ್ಲಿಸ್ ಟ್ವೈಟ್ ಅವರ ಹೆಸರು ಗೊತ್ತು. ಹೆಸರು ಮರೆತವರಿಗೂ ಅವರ ದನಿ ನೆನಪಿದೆ. ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ಶನಿವಾರದ ಬೆಳಗ್ಗೆ, ಯಾವುದೋ ತಂತಿಬೇಲಿಯ ಮುಂದೆ ನಿಂತು ಕೋವಿಯಿಂದ ಗುಂಡು ತೆಗೆಯುವ ನಲವತ್ತು ದಾಟಿದ ಗಂಡಸಿಗೂ ಹಿಂದಿನಿಂದ ಒಬ್ಬ ಹೆಂಗಸು ತನ್ನನ್ನು ನೋಡುತ್ತಿದ್ದಾಳೆ ಅನ್ನಿಸುತ್ತದಂತೆ. ಆ ಹೆಂಗಸು ಮೂವತ್ತಮೂರು ವರ್ಷ, ಸುಮಾರು ನಾಲ್ಕು ಸಾವಿರ ಮಕ್ಕಳನ್ನು, ನಿವೃತ್ತ ಸೈನಿಕರ ಭವನದ ನೆಲಮಾಳಿಗೆಯ ತಣ್ಣನೆಯ ಕುರ್ಚಿಗಳ ಮೇಲೆ ಕೂರಿಸಿ ಪಾಠ ಹೇಳಿದವರು. ಬರುವ ತಿಂಗಳು ಅವರು ಕೌಂಟಿಯ ಬೇಟೆ ಶಿಕ್ಷಣ ಸಂಯೋಜಕಿಯ ಹೊಣೆಯಿಂದ ಬಿಡುಗಡೆ ಹೊಂದುತ್ತಿದ್ದಾರೆ. ಅವರ ಪಾಠವನ್ನು ಮುಂದುವರಿಸಲಿರುವ ಬೋಧಕರಾದ ನಾವು, ಅವರ ಗೌರವಕ್ಕೆ ಈ ಸಂಪುಟವನ್ನು ತರುತ್ತೇವೆಂದು ಹೇಳಲು ಹೋದಾಗ ಮಾರ್ಲಿಸ್ ಕಾಫಿ ಬಗ್ಗಿಸುತ್ತಲೇ ಕೇಳಿದ್ದು ಇಷ್ಟೇ: “ಅದೆಲ್ಲ ಸತ್ತೋರಿಗೆ ಅಲ್ವಾ?”

ಮಾರ್ಲಿಸ್ ಬೇಟೆಯ ಮನೆತನದಲ್ಲಿ ಹುಟ್ಟಿದವರು, ಆದರೆ ಚಿಕ್ಕಂದಿನಲ್ಲಿ ಬೇಟೆಗೆ ಹೋದವರಲ್ಲ. ಅಪ್ಪ ಪ್ರತಿ ವರ್ಷ ಮೂವರು ಅಣ್ಣಂದಿರನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಕಾಡಿನ ಗುಡಿಸಲಿಗೆ ಹೊರಟರೆ, ತಾಯಿ ಮತ್ತು ಮಗಳು ಉಳಿದು ಉಣ್ಣೆಯ ಕಾಲುಚೀಲ ಒಗೆಯುತ್ತಿದ್ದರು, ಗಂಡಸರು ತರುವ ಮಾಂಸ ಸುತ್ತಲು ಕಾಗದ ಕತ್ತರಿಸಿಡುತ್ತಿದ್ದರು. ನಿನಗೂ ಬರಬೇಕೆನಿಸುತ್ತದೆಯೇ ಎಂದು ಆ ಮನೆಯಲ್ಲಿ ಯಾರೂ ಅವರನ್ನು ಕೇಳಲಿಲ್ಲ. ಬರಬೇಕೆನಿಸುತ್ತಿತ್ತು ಎಂಬುದು ಅವರಿಗೇ ತಿಳಿದದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ. ಆಗ ಅವರು ಕೌಂಟಿ ಕಚೇರಿಯಲ್ಲಿ ಬೆರಳಚ್ಚು ಮಾಡುತ್ತ, ಬೇಟೆ ಶಿಕ್ಷಣ ಮುಗಿಸಿದ ಹುಡುಗರ ಹೆಸರುಗಳನ್ನು ಪ್ರಮಾಣಪತ್ರಗಳ ಮೇಲೆ ಹೊಡೆಯುತ್ತಿದ್ದರು. ಬೋಧಕರೊಬ್ಬರು ಊರು ಬಿಟ್ಟು ಹೋದ ಶರತ್ಕಾಲದಲ್ಲಿ, ತರಗತಿ ನಿಂತುಹೋಗುತ್ತದೆಂದು ಎಲ್ಲರೂ ಕೈಚೆಲ್ಲಿದಾಗ, ಬೆರಳಚ್ಚಿನವರು ಎದ್ದು ನಿಂತು ನಾನು ಕಲಿಯುತ್ತೇನೆ ಎಂದರು. ಹಿರಿಯ ಬೋಧಕ ವರ್ನ್ ಸ್ಟಾಲ್‌ಬರ್ಗ್ ಬಿದ್ದು ಬಿದ್ದು ನಕ್ಕರು.

“ಟೈಪ್ ಮಾಡೋಳು ಕೋವಿ ಹಿಡೀತೀಯಾ? ಏನಕ್ಕೆ ಹೊಡೀತೀಯಮ್ಮ, ಕಾಗದಕ್ಕಾ?”

“ಎಲ್ಲರೂ ಮೊದಲು ಹೊಡಿಯೋದು ಕಾಗದಕ್ಕೇ ತಾನೆ, ವರ್ನ್? ನಿನ್ನ ಗುರಿ ಹಲಗೆ ಮೇಲೆ ಅಂಟಿಸಿರೋದು ಮತ್ತೇನು?”

ಮುಂದಿನ ಇಪ್ಪತ್ತಾರು ವರ್ಷ ಆ ವರ್ನ್ ಅವರೇ ಮಾರ್ಲಿಸರ ಪಕ್ಕದಲ್ಲಿ ನಿಂತು ಪಾಠ ಮಾಡಿದರು. ಇಬ್ಬರ ಜಗಳ ಒಂದು ದಿನವೂ ನಿಲ್ಲಲಿಲ್ಲ, ತರಗತಿಯೂ ನಿಲ್ಲಲಿಲ್ಲ.

ಮಾರ್ಲಿಸ್ ತಾವೂ ಬೇಟೆಯಾಡುತ್ತಿದ್ದರು. ಆದರೆ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಅವರು ಕಾಯುತ್ತಿದ್ದದ್ದು ಜಿಂಕೆಯನ್ನೇ ಎಂದು ಹೇಳಲಾಗದು. ಗಂಡ ಓರಿನ್, ಇಬ್ಬರು ಮಕ್ಕಳು, ಮಾತು ನಿಂತುಹೋದ ಅತ್ತೆ, ಕಚೇರಿಯ ಎರಡು ಫೋನುಗಳು, ಇವೆಲ್ಲವುಗಳ ನಡುವೆ ವರ್ಷಕ್ಕೆ ಎರಡು ಬೆಳಗ್ಗೆ ಮಾತ್ರ ಯಾರೂ ಅವರನ್ನು ಏನನ್ನೂ ಕೇಳುತ್ತಿರಲಿಲ್ಲ. ಅಲ್ಲಿ ಕೂತಾಗ ತನ್ನ ಉಸಿರು ತನಗೆ ಕಾಣಿಸುತ್ತಿತ್ತು, ಅಷ್ಟು ಸಾಕಾಗಿತ್ತು ಎಂದು ಅವರೇ ಒಮ್ಮೆ ಹೇಳಿದ್ದುಂಟು. ಹೆಣ್ಣುಮಕ್ಕಳು ತರಗತಿಗೆ ಬಂದಾಗ ಅವರು ಮುಂದಿನ ಸಾಲಿನ ಕುರ್ಚಿ ತೋರಿಸುತ್ತಿದ್ದುದಕ್ಕೆ ಕಾರಣ ಇದೇ ಇರಬೇಕು.

ಅವರ ಪಾಠದಲ್ಲಿ ಒಂದು ಭಾಗಕ್ಕೆ ಮಾತ್ರ ರಿಯಾಯಿತಿ ಇರಲಿಲ್ಲ. ಭವನದ ಹಿಂದಿನ ಬಯಲಿನಲ್ಲಿ ಎರಡು ಕಂಬ ನೆಟ್ಟು ಮೂರು ಎಳೆ ತಂತಿ ಕಟ್ಟಿರುತ್ತಿದ್ದರು. ಇಬ್ಬರು ಬೇಲಿ ದಾಟಬೇಕು. ಮೊದಲು ಗುಂಡು ತೆಗೆದು ಕೋವಿಯನ್ನು ತೆರೆದು ತೋರಿಸಬೇಕು. ಆಮೇಲೆ ಜೊತೆಗಾರನಿಗೆ ಚಾಚಬೇಕು. ಅವನು ಹಿಡಿದು, “ಹಿಡ್ಕೊಂಡಿದ್ದೀನಿ, ಥ್ಯಾಂಕ್ಸ್” ಎನ್ನಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಕೊಡುವವನ ಕೈ ಸಡಿಲಬಾರದು. ಇಷ್ಟೇ. ಪರೀಕ್ಷೆಯ ಕೋವಿಗೆ ಸಿಡಿಯುವ ಸಾಮರ್ಥ್ಯವೇ ಇರಲಿಲ್ಲ. ಆದರೂ ಮಾತಿಗೆ ಮೊದಲು ಕೈಬಿಟ್ಟ ಮಗುವಿಗೆ ಅಂದು ಪ್ರಮಾಣಪತ್ರ ಸಿಗುತ್ತಿರಲಿಲ್ಲ.

ಈ ಕಟ್ಟುನಿಟ್ಟಿಗೆ ಒಂದು ಹಿನ್ನೆಲೆಯಿದೆ. ಮಾರ್ಲಿಸರ ಅನುಮತಿ ಪಡೆದೇ ಅದನ್ನಿಲ್ಲಿ ಬರೆಯುತ್ತಿದ್ದೇವೆ. ಅವರು ಬೋಧಕಿಯಾದ ಐದನೆಯ ವರ್ಷ, ಗೆಳತಿ ಲವೋನ್ ರಾಸ್ಕ್ ಅವರ ಮಗಳಿಗೆ ಬಯಲು ಪರೀಕ್ಷೆಯ ದಿನ ಜ್ವರ. ಬೇಟೆಗೆ ಒಂದೇ ವಾರ ಉಳಿದಿತ್ತು. ಲವೋನ್ ಅಡುಗೆಮನೆಗೆ ಬಂದು ನಿಂತರು.

“ಒಂದು ಸಹಿ ಕಣೇ ಮಾರ್ಲಿಸ್. ಬೇಲಿ ದಾಟೋದು ಅವಳಿಗೆ ನೀನು ಹೇಳಿಕೊಡಬೇಕಾ? ಹೊಲದಲ್ಲೇ ಬೆಳೆದೋಳು. ಅವಳ ಮಾವ ಜೊತೆಗಿರ್ತಾನೆ. ಅತ್ತು ಅತ್ತು ಮುಖ ಊದಿಸ್ಕೊಂಡಿದಾಳೆ, ನೋಡಕ್ಕಾಗಲ್ಲ.”

ಕಾರಣವಿದ್ದರೆ ಬೋಧಕರು ವಿನಾಯಿತಿ ಕೊಡಬಹುದೆಂದು ಆಗಿನ ನಿಯಮದಲ್ಲಿ ಇತ್ತು. ಒಲೆಯ ಮೇಲೆ ಸೂಪು ಉಕ್ಕುತ್ತಿತ್ತು, ಒಳಕೋಣೆಯಿಂದ ಅತ್ತೆ ಗಂಟೆ ಬಾರಿಸುತ್ತಿದ್ದರು. ಮಾರ್ಲಿಸ್ ಒದ್ದೆ ಕೈಯಲ್ಲೇ ಸಹಿ ಮಾಡಿಕೊಟ್ಟರು. ಬೇಟೆಯ ಮೊದಲ ಶನಿವಾರ ಆ ಹುಡುಗಿ ಗುಂಡು ತೆಗೆಯುವುದನ್ನು ಮರೆತು, ಬೇಲಿಯಾಚೆಗಿದ್ದ ಸೋದರಮಾವನಿಗೆ ಕೋವಿ ಚಾಚಿ, ಅವನು ಹಿಡಿಯುವ ಮೊದಲೇ ಬಿಟ್ಟುಬಿಟ್ಟಳು. ಮಾವನ ಎಡಗೈಯ ಎರಡು ಬೆರಳು ಹೋದವು. “ಇನ್ನೂ ಎಂಟಿವೆ, ಬಿಡಿ” ಎಂದು ಆತ ಆಸ್ಪತ್ರೆಯಲ್ಲೇ ನಗೆಯಾಡಿದ. ಮಾರ್ಲಿಸರನ್ನು ಯಾರೂ ದೂರಲಿಲ್ಲ. ಲವೋನ್ ಇಂದಿಗೂ ಪ್ರತಿ ತರಗತಿಗೆ ತಟ್ಟೆ ತುಂಬ ಸಿಹಿ ಕಳಿಸುತ್ತಾರೆ. ಆದರೆ ಆ ಹುಡುಗಿ ಮತ್ತೆ ಕೋವಿ ಮುಟ್ಟಲಿಲ್ಲ, ಕಾಡಿಗೂ ಹೋಗಲಿಲ್ಲ. ಮಾರ್ಲಿಸರನ್ನು ಕೊರೆದದ್ದು ಬೆರಳುಗಳಿಗಿಂತ ಹೆಚ್ಚಾಗಿ ಅದೇ. ಒಂದು ಹುಡುಗಿಗೆ ಮರದ ಮೇಲಿನ ಆ ಎರಡು ಬೆಳಗ್ಗೆಗಳನ್ನು ತಾನೇ ಇಲ್ಲವಾಗಿಸಿದೆ, ಅದೂ ಸೂಪು ಉಕ್ಕುತ್ತದೆಂಬ ಅವಸರದಲ್ಲಿ ಎಂದು ಅವರು ನಂಬಿದ್ದಾರೆ. ಹಾಗಲ್ಲವೆಂದು ನಾವು ಹೇಳಿ ದಣಿದಿದ್ದೇವೆ.

ಅತ್ತ ಕಾನೂನು ತನ್ನ ದಾರಿಯಲ್ಲಿ ಬದಲಾಗುತ್ತಲೇ ಹೋಯಿತು. ಬೋಧಕರ ಕೈಪಿಡಿಯ ಹದಿನಾಲ್ಕನೆಯ ಪುಟದಲ್ಲಿ ಬೇಟೆಗೆ ಎಷ್ಟು ವಯಸ್ಸಾಗಿರಬೇಕು, ಯಾರು ಜೊತೆಗಿರಬೇಕು ಎಂಬುದು ಇರುತ್ತದೆ. ಮಾರ್ಲಿಸ್ ಸೇರಿದಾಗ ಅಲ್ಲಿ ಹನ್ನೆರಡು ಎಂದು ಅಚ್ಚಾಗಿತ್ತು. ಹೊಸ ಕೈಪಿಡಿ ತರಿಸಲು ಇಲಾಖೆ ಹಿಂದೆಮುಂದೆ ನೋಡುತ್ತಿದ್ದುದರಿಂದ, ಶಾಸನಸಭೆ ನಿಯಮ ಬದಲಿಸಿದಾಗೆಲ್ಲ ಅವರು ಹೊಸ ಸಾಲನ್ನು ಬೆರಳಚ್ಚು ಮಾಡಿ, ಕತ್ತರಿಸಿ, ಹಳೆಯದರ ಮೇಲೆ ಅಂಟಿಸುತ್ತಿದ್ದರು. ಹನ್ನೆರಡರ ಮೇಲೆ ಹತ್ತು ಬಂತು, ಹಿರಿಯರು ಕೈಯಳತೆಯಲ್ಲಿದ್ದರೆ. ಅದರ ಮೇಲೆ, ತರಗತಿಯಿಲ್ಲದೆಯೇ ಎರಡು ವರ್ಷ ಬೇಟೆಯಾಡಲು ಕೊಡುವ ಪರವಾನಗಿ ಬಂತು. ಎರಡು ವರ್ಷ ಎಂಬ ಮಿತಿ ಮುಂದಿನ ಅಧಿವೇಶನದಲ್ಲಿ ಹೋಯಿತು. ಹಿರಿಯರು, ಮಗು ಇಬ್ಬರ ನಡುವೆ ಒಂದೇ ಕೋವಿ ಎಂಬ ನಿಯಮ ಹೋಗಿ ಒಬ್ಬೊಬ್ಬರಿಗೂ ಒಂದೊಂದು ಎಂದಾಯಿತು. ಕೊನೆಗೆ ವಯಸ್ಸಿನ ಅಂಕಿಯೇ ಹೋಯಿತು. ಇಂದು ಆ ಪುಟವನ್ನು ಮುಟ್ಟಿದರೆ ರಟ್ಟಿನಂತೆ ದಪ್ಪ.

ಪ್ರತಿ ಬದಲಾವಣೆಗೂ ಮುನ್ನ ಮಾರ್ಲಿಸ್ ಹಿಮದಲ್ಲಿ ನಾಲ್ಕು ಗಂಟೆ ಕಾರು ನಡೆಸಿ ರಾಜಧಾನಿಗೆ ಹೋಗಿ, ಶಾಸನಸಭೆಯ ಸಮಿತಿಯ ಮುಂದೆ ಮೂರು ನಿಮಿಷ ಮಾತಾಡಿ ಬರುತ್ತಿದ್ದರು. ಅವರು ಬೇಟೆಯ ವಿರೋಧಿಯಾಗಿ ಹೋದವರಲ್ಲ, ಮಕ್ಕಳ ಬೇಟೆಯ ವಿರೋಧಿಯಾಗಿಯೂ ಅಲ್ಲ. ವಯಸ್ಸು ನಿಮ್ಮಿಷ್ಟ, ಬೇಲಿಯ ಪಾಠ ಮಾತ್ರ ಬಿಡಬೇಡಿ ಎಂಬುದಷ್ಟೇ ಅವರ ಅರಿಕೆ. ಮೂರನೆಯ ನಿಮಿಷಕ್ಕೆ ಮೇಜಿನ ಮೇಲೆ ಕೆಂಪು ದೀಪ ಹತ್ತುತ್ತಿತ್ತು. ಸದಸ್ಯರು ಅವರ ಸೇವೆಗೆ ವಂದನೆ ಹೇಳಿ ಮತ ಹಾಕುತ್ತಿದ್ದರು. ಬರಬರುತ್ತ ಸದಸ್ಯರ ಸಾಲಿನಲ್ಲಿ ಅವರದೇ ಹಳೆಯ ವಿದ್ಯಾರ್ಥಿಗಳೂ ಕಾಣಿಸತೊಡಗಿದರು. ಅವರು ಹೆಚ್ಚು ಪ್ರೀತಿಯಿಂದ ವಂದನೆ ಹೇಳಿ, ಹಾಗೆಯೇ ಮತ ಹಾಕಿದರು.

ಒಂದು ವರ್ಷ ಮಾತ್ರ ಅವರು ನಗುತ್ತ ಮರಳಿದರು. ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ತೊಡಲೇಬೇಕಾದ ಕಿತ್ತಳೆ ಅಂಗಿಯ ಬದಲು ಗುಲಾಬಿ ಬಣ್ಣದ ಅಂಗಿಯನ್ನೂ ತೊಡಬಹುದೆಂದು ಕಾನೂನಾಗಿತ್ತು, ಹೆಂಗಸರನ್ನು ಬೇಟೆಗೆ ಸೆಳೆಯಲು.

“ಏನ್ ಕೊಟ್ರೇ ನಮಗೆ?” ಎಂದು ಲವೋನ್ ಕೇಳಿದರು.

“ಗುಲಾಬಿ ಅಂಗಿ.”

“ಅಯ್ಯೋ, ನಾನು ಇಷ್ಟು ವರ್ಷ ಹೋಗದೇ ಇದ್ದದ್ದು ಬಣ್ಣಕ್ಕೇ ನೋಡು! ಅಡುಗೆ ಯಾರು ಮಾಡ್ತಾರೆ ಅಂತ ಏನಾದ್ರೂ ಕಾನೂನು ಮಾಡಿದ್ರಾ?”

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು, ಏಕೆಂದರೆ ಮಾರ್ಲಿಸ್ ಅದನ್ನು ಮುಚ್ಚಿಡುವವರಲ್ಲ. ಅವರು ವಿರೋಧಿಸಿದ ಆ ಸಡಿಲ ಕಾನೂನುಗಳಿಂದಲೇ ಅಪ್ಪಂದಿರು ಒಂಬತ್ತು ವರ್ಷದ ಹೆಣ್ಣುಮಕ್ಕಳನ್ನೂ ಕಾಡಿಗೆ ಕರೆದೊಯ್ಯತೊಡಗಿದರು. ಹಿಂದಿನ ಕಾಲದಲ್ಲಾಗಿದ್ದರೆ ಆ ಹುಡುಗಿಯರು ಕಾಲುಚೀಲ ಒಗೆಯುತ್ತಿದ್ದರು. “ನಾನು ಪೂರ್ತಿ ಸರಿಯಿದ್ದೆ ಅಂತ ನನಗೇ ಅನ್ಸಲ್ಲ. ಅದೇ ಸುಸ್ತು” ಎಂದು ಅವರು ಒಮ್ಮೆ ಹೇಳಿದರು. ಸೋಲಿನಿಂದ ಬಂದ ದಣಿವಾಗಿದ್ದರೆ ಒಂದು ಒಳ್ಳೆಯ ನಿದ್ದೆಯಲ್ಲಿ ಕಳೆಯುತ್ತಿತ್ತೇನೋ. ಅವರದು ಅಂಥದಾಗಿರಲಿಲ್ಲ.

ಕಳೆದ ವರ್ಷ ಬಯಲು ಪರೀಕ್ಷೆಯೇ ಐಚ್ಛಿಕವಾಯಿತು. ಮನೆಯಲ್ಲೇ ಕಂಪ್ಯೂಟರಿನ ಮುಂದೆ ಪ್ರಶ್ನೆಗಳಿಗೆ ಉತ್ತರಿಸಿದರೆ ಪ್ರಮಾಣಪತ್ರ; ಹಿರಿಯರ ಜೊತೆ ಹೋಗುವ ಮಕ್ಕಳಿಗೆ ಅದೂ ಬೇಡ. ಮಾರ್ಲಿಸ್ ಆದರೂ ಸೆಪ್ಟೆಂಬರಿನಲ್ಲಿ ಕಂಬ ನೆಟ್ಟು ತಂತಿ ಕಟ್ಟಿದರು. ಮೂವತ್ತು ಕುರ್ಚಿ ಹಾಕಿದ್ದರು, ಏಳು ಮಕ್ಕಳು ಬಂದರು. ಅವರಲ್ಲೊಬ್ಬಳು ಒಂಬತ್ತು ವರ್ಷದ ಬ್ರಿಟಾ ಕಿವೆಲಾ. ಅವಳ ತಂದೆ ಡೇಲ್ ಕಿವೆಲಾ ಗಣಿಯಲ್ಲಿ ಲಾರಿ ಓಡಿಸುವವರು, ಅವರೂ ಇದೇ ಬೇಲಿ ದಾಟಿ ಕಲಿತವರು.

ಬ್ರಿಟಾ ಎಲ್ಲವನ್ನೂ ಸರಿಯಾಗಿ ಮಾಡಿ, ಕೊನೆಗೆ ಬೇಲಿಯಾಚೆ ಕೋವಿ ಹಿಡಿದ ಮಾರ್ಲಿಸ್ ಬಾಯಿ ತೆರೆಯುವ ಮೊದಲೇ ಕೈ ಬಿಟ್ಟಳು.

“ಆಗಲಿಲ್ಲ, ಮಗೂ,” ಎಂದರು ಮಾರ್ಲಿಸ್. “ಮುಂದಿನ ಶನಿವಾರ ಬಾ.”

ಡೇಲ್ ಅವರಿಗೆ ಮಗಳ ಮುಖ ಸಣ್ಣಗಾದದ್ದು ಸಹಿಸಲಾಗಲಿಲ್ಲ. “ಮಾರ್ಲಿಸ್, ಬೇಜಾರ್ ಮಾಡ್ಕೋಬೇಡಿ. ನೀವು ಫೇಲ್ ಮಾಡಿದ್ರೂ ನಾನು ಇವಳನ್ನ ಕರ್ಕೊಂಡು ಹೋಗಬಹುದು. ಕಾನೂನೇ ಹೋಗು ಅಂತಿದೆ. ಮತ್ತೆ ನಿಮ್ಮ ಈ ಫೇಲಿಗೆ ಏನು ಬೆಲೆ?”

“ಏನೂ ಇಲ್ಲ.”

“ಹಾಗಾದ್ರೆ ಯಾಕ್ರೀ ಇದು?”

“ಗೊತ್ತಿಲ್ಲ ಡೇಲ್. ಶನಿವಾರ ಹತ್ತು ಗಂಟೆಗೆ ಇಲ್ಲಿರ್ತೀನಿ. ಬರದಿದ್ರೆ ನಿನ್ನನ್ನ ಯಾರೂ ಕೇಳಲ್ಲ, ನಾನೂ ಕೇಳಲ್ಲ.”

ಟ್ರಕ್ಕು ಹೋದ ಮೇಲೆ ಮಾರ್ಲಿಸ್ ಕುರ್ಚಿಗಳನ್ನು ಮಡಚಿಡದೆ ಅವುಗಳಲ್ಲೊಂದರ ಮೇಲೆ ಕೂತರು. ಎಂಬತ್ತೊಂದರ ವರ್ನ್, ಈಗ ಬರೀ ಕಾಫಿಗೆಂದು ಬರುವವರು, ಪಕ್ಕದಲ್ಲಿ ಕೂತು, “ಬಿಟ್ಟುಬಿಡೇ, ಸಾಕು” ಎಂದರು. ಜಗಳವಾಡದೆ ವರ್ನ್ ಹೇಳಿದ ಮಾತು ಅದೊಂದೇ. ಅದಕ್ಕೇ ಅದು ತಾಗಿತು. ಆ ವಾರವೇ ಮಾರ್ಲಿಸ್ ರಾಜೀನಾಮೆ ಪತ್ರವನ್ನು ಬೆರಳಚ್ಚು ಮಾಡಿದ್ದು. ಬ್ರಿಟಾ ಬಾರದಿದ್ದರೆ ಶನಿವಾರವೇ ಕಂಬಗಳನ್ನು ಕೀಳುವುದು, ಬಂದರೆ ಚಳಿಗಾಲ ಕಳೆಯುವವರೆಗೆ ನಡೆಸಿ ಗೌರವದಿಂದ ಒಪ್ಪಿಸುವುದು ಎಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದರಂತೆ.

ಶನಿವಾರ ಮಳೆ ಹಿಡಿಯಿತು. ಹತ್ತಾಯಿತು, ಹತ್ತೂಕಾಲಾಯಿತು. ಮಾರ್ಲಿಸ್ ಗುದ್ದಲಿ ತೆಗೆದುಕೊಂಡು ಮೊದಲ ಕಂಬದ ಬುಡ ಕೆದಕುತ್ತಿದ್ದಾಗ ಟ್ರಕ್ಕಿನ ಬಾಗಿಲು ಬಡಿದ ಸದ್ದಾಯಿತು.

“ಟೈರ್ ಕೈ ಕೊಡ್ತು,” ಎಂದರು ಡೇಲ್, ಬೇರೆಲ್ಲೋ ನೋಡುತ್ತ. “ವಾರವೆಲ್ಲ ಪೊರಕೆ ಹಿಡ್ಕೊಂಡು ಪ್ರಾಕ್ಟೀಸ್ ಮಾಡಿದಾಳೆ. ನನ್ನನ್ನಂತೂ ಮನೇಲಿ ನೂರು ಸಲ ಥ್ಯಾಂಕ್ಸ್ ಅನ್ನಿಸಿದಾಳೆ.”

ಬ್ರಿಟಾ ಕೋವಿ ತೆರೆದು ತೋರಿಸಿದಳು, ಬೇಲಿಯ ಮೇಲಿಂದ ಚಾಚಿದಳು. ಮಾರ್ಲಿಸ್ ಹಿಡಿದರು. ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ಅವರಿಗೆ ಮಾತು ಹೊರಡಲಿಲ್ಲ. ಮಳೆ ಸುರಿಯುತ್ತಿತ್ತು. ಹುಡುಗಿಯ ಕೈಗಳು ಭಾರಕ್ಕೆ ನಡುಗತೊಡಗಿದವು, ಆಮೇಲೆ ಭುಜವೂ. ಡೇಲ್ ಒಂದು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಂತರು. ಬ್ರಿಟಾ ಬಿಡಲಿಲ್ಲ.

“ಮಿಸೆಸ್ ಟ್ವೈಟ್, ನೀವಿನ್ನೂ ಹೇಳಿಲ್ಲ.”

“ಹಿಡ್ಕೊಂಡಿದ್ದೀನಿ,” ಎಂದರು ಮಾರ್ಲಿಸ್. “ಥ್ಯಾಂಕ್ಸ್.”

ಆಗ ಬಿಟ್ಟಳು.

ಕಂಬದ ಬುಡಕ್ಕೆ ಮತ್ತೆ ಮಣ್ಣು ತುಂಬಿ ತುಳಿದು ಗಟ್ಟಿ ಮಾಡಿದವರು ಡೇಲ್. ಅವು ಇಂದಿಗೂ ನಿಂತಿವೆ.

ಬರುವ ತಿಂಗಳು ಅದೇ ನೆಲಮಾಳಿಗೆಯಲ್ಲಿ, ಕಾಡಕ್ಕಿಯ ಸೂಪು ಮತ್ತು ಲವೋನ್ ಅವರ ಸಿಹಿಯ ನಡುವೆ, ಮಾರ್ಲಿಸ್ ಆ ದಪ್ಪ ಪುಟದ ಕೈಪಿಡಿಯನ್ನು ನಮ್ಮ ಕಡೆಗೆ ಚಾಚುತ್ತಾರೆ. ಕಾನೂನು ಇನ್ನೂ ಬದಲಾಗುತ್ತದೆ, ನಮಗೂ ಕತ್ತರಿ, ಅಂಟು ಬೇಕಾಗುತ್ತವೆ. ಅವರು ನೂರು ಕಾಲ ಬಾಳಲಿ; ಮೊಣಕಾಲು ಒಪ್ಪುವಷ್ಟು ವರ್ಷ ಮರದ ಮೇಲಿನ ಅಟ್ಟಣೆ ಹತ್ತಲಿ; ಸೆಪ್ಟೆಂಬರಿನ ಶನಿವಾರಗಳಲ್ಲಿ ಬಯಲಿಗೆ ಬಂದು ನಮ್ಮ ತಪ್ಪುಗಳನ್ನು ಎತ್ತಿ ತೋರಿಸಲಿ. ಆದರೆ ಅಂದು ಪುಸ್ತಕ ಚಾಚಿದವರು ಅದನ್ನು ಬಿಡದೆ, ನಮ್ಮ ಮುಖ ನೋಡುತ್ತ ನಿಲ್ಲುತ್ತಾರೆಂದು ನಮಗೆ ಗೊತ್ತು. ಸಭೆಯಲ್ಲಿ ನಮಗೂ ಮಾತು ಹೊರಡದೆ ಹೋಗಬಹುದು. ಆದ್ದರಿಂದ ಇಲ್ಲೇ ಹೇಳಿಬಿಡುತ್ತೇವೆ.

ಹಿಡ್ಕೊಂಡಿದ್ದೀವಿ, ಮಾರ್ಲಿಸ್. ಥ್ಯಾಂಕ್ಸ್.