‘ಚೆಕ್’ ಎಂದ ಬೆಳಿಗ್ಗೆ

ಇಲ್ಲಿರುವ ಕೆಲವು ವಿವರಗಳು ತಪ್ಪಿರಬಹುದು. ನಮ್ಮೂರ ಹೊಳೆಯ ಮೆಟ್ಟಿಲುಗಳು ಹನ್ನೊಂದು ಎಂದು ನನ್ನ ನೆನಪು, ಅವ್ವ ಹದಿಮೂರು ಎನ್ನುತ್ತಾಳೆ. ಆ ಬೆಳಿಗ್ಗೆ ಮಳೆ ಇರಲಿಲ್ಲ ಎಂದು ನನ್ನ ಡೈರಿಗಳಲ್ಲಿ ಎರಡು ಕಡೆ ಬರೆದಿದ್ದೇನೆ, ಮೂರನೆಯ ಕಡೆ ಜಿಟಿಜಿಟಿ ಮಳೆ ಇತ್ತು ಎಂದು ಬರೆದಿದ್ದೇನೆ. ಮೂರೂ ನನ್ನದೇ ಅಕ್ಷರ. ಒಂದು ಶಬ್ದದ ಬಗ್ಗೆ ಮಾತ್ರ ನನಗೆ ಸಂಶಯವಿಲ್ಲ. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ, ಮತ್ತು ಅದು ಸುಳ್ಳಾಗಿತ್ತು.

ನಮ್ಮೂರು ರಾಯಬಾಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ಗಾಳಿ ಆ ಕಡೆಯಿಂದ ಬೀಸಿದರೆ ಉಗಾರದ ಸಕ್ಕರೆ ಕಾರ್ಖಾನೆಯ ಭೋಂಗಾ ಕೇಳುತ್ತಿತ್ತು. ಮನೆಯಲ್ಲಿ ಅಪ್ಪ, ಅವ್ವ, ನಾನು, ಅಪ್ಪನ ತಾಯಿ, ಅಂದರೆ ಆಯಿ, ಮತ್ತು ಮದುವೆಯಾಗದ ಕಾಕಾ. ಕಾಕಾ ಬಿ.ಎಸ್ಸಿ. ಎರಡನೆಯ ವರ್ಷಕ್ಕೇ ಬಿಟ್ಟು ಚಿಕ್ಕೋಡಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದರು. ಶನಿವಾರ ಊರಿಗೆ ಬರುವಾಗ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕ ಇಂಗ್ಲಿಷ್ ಪುಸ್ತಕಗಳನ್ನು ತರುತ್ತಿದ್ದರು. ಎಲ್ಲವೂ ಬಾಹ್ಯಾಕಾಶದವು. ಕೆಲವು ಗ್ರಹ, ಉಪಗ್ರಹ, ರಾಕೆಟ್ಟುಗಳ ಬಗ್ಗೆ, ಹೆಚ್ಚಿನವು ಕಥೆಗಳು. ರಟ್ಟು ಹರಿದಿರುತ್ತಿತ್ತು, ಕೊನೆಯ ಪುಟಗಳು ಇರುತ್ತಿರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಆಕಾಶಕ್ಕೆ ಹೋದವರು ಮರಳಿ ಬಂದರೋ ಇಲ್ಲವೋ ಎಂಬುದು ಕಾಕಾನ ಮನಸ್ಸಿನ ಮೇಲಿರುತ್ತಿತ್ತು.

ನಾನು ಐದನೆಯ ತರಗತಿ. ಶಾಲೆಯಲ್ಲಿ ಆಗಷ್ಟೇ ಇಂಗ್ಲಿಷ್ ಶುರುವಾಗಿತ್ತು. ಆ್ಯಪಲ್, ಅಂಬ್ರೆಲ್ಲಾ, ರ‍್ಯಾಟ್ ಎಂಬ ಪಾಠದ ಶಬ್ದಗಳು ಕಾಕಾಗೆ ಹಿಡಿಸುತ್ತಿರಲಿಲ್ಲ. “ಹೆದರಿಕಿ ಇದ್ದಲ್ಲೆ ಶಬ್ದ ಗಟ್ಟಿಯಾಗಿ ಕೂಡತೈತಿ,” ಎನ್ನುತ್ತಿದ್ದರು. ಅವರು ಕಥೆಯನ್ನು ಕನ್ನಡದಲ್ಲಿ ಹೇಳುತ್ತ ಹೋಗಿ, ಜೀವ ಹೋಗುವ ಜಾಗ ಬಂದಾಗ ಒಂದೇ ಒಂದು ಶಬ್ದವನ್ನು ಇಂಗ್ಲಿಷಿನಲ್ಲಿ ಬಿಟ್ಟು ಪುಸ್ತಕ ಮುಚ್ಚುತ್ತಿದ್ದರು.

“ಹಡಗದ ಗ್ವಾಡಿಗೆ ಏನಾತ್ರಿ ಕಾಕಾ?”

“ರಪ್ಚರ್.”

“ಅಂದ್ರ?”

“ನಾಳೆ.”

“ಒಳಗಿನ ಮಂದಿ ಸಾಯತಾರೇನ್ರಿ?”

“ಶಬ್ದದ ಅರ್ಥ ತಿಳೀಲಿ, ಆಮ್ಯಾಲೆ ನೀನ ಹೇಳು.”

ಮರುದಿನದವರೆಗೆ ಆ ಶಬ್ದವನ್ನು ಹೊತ್ತು ತಿರುಗುತ್ತಿದ್ದೆ. ಅವರ ಹತ್ತಿರ ಇದ್ದದ್ದು ಇಂಗ್ಲಿಷ್–ಮರಾಠಿ ನಿಘಂಟು. ಮರಾಠಿಯಲ್ಲಿ ಸಿಕ್ಕ ಅರ್ಥವನ್ನು ಇಬ್ಬರೂ ಕೂಡಿ ಕನ್ನಡಕ್ಕೆ ತರುತ್ತಿದ್ದೆವು. ರಪ್ಚರ್ ಅಂದರೆ ಕೆರೆಯ ಒಡ್ಡು ಒಡೆದಂತೆ ಒಡೆಯುವುದು. ಆರ್ಬಿಟ್ ಅಂದರೆ ಗಾಣದ ಸುತ್ತ ಎತ್ತು ತಿರುಗುವ ದಾರಿ. ಡೆಬ್ರಿಸ್ ಅಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ರವದಿ, ಆದರೆ ಕಬ್ಬಿಣದ್ದು. ಆ ಶಬ್ದದ ಕೊನೆಯಲ್ಲಿ ‘ಸ್’ ಇಲ್ಲವೆಂದು ನನಗೆ ಗೊತ್ತಾದದ್ದು ಎಂ.ಎ. ತರಗತಿಯಲ್ಲಿ, ಎಲ್ಲರೂ ನಕ್ಕಾಗ. ಎಲ್ಲವನ್ನೂ ಇನ್ನೂರು ಪುಟದ ಒಂದು ನೋಟುಬುಕ್ಕಿನಲ್ಲಿ ಬರೆದು ಒಳಕೋಣೆಯ ಗೋಡೆಯ ಗೂಡಿನಲ್ಲಿ, ಮಾಡದಲ್ಲಿ, ಇಡುತ್ತಿದ್ದೆ.

ಒಂದು ಕಥೆಯಲ್ಲಿ, ಹಡಗು ಬಿಡುವ ಮೊದಲು ಕ್ಯಾಪ್ಟನ್ ಒಂದೊಂದೇ ವಸ್ತುವಿನ ಹೆಸರು ಓದುತ್ತಾನೆ. ಅದನ್ನು ಕಣ್ಣಾರೆ ನೋಡಿದವನು ‘ಚೆಕ್’ ಎನ್ನಬೇಕು. ಕಾಕಾ ಅದನ್ನು ಮನೆಯ ರೂಢಿ ಮಾಡಿದರು. ಸೋಮವಾರ ನಾನು ಶಾಲೆಗೆ, ಅವರು ಚಿಕ್ಕೋಡಿ ಬಸ್ಸಿಗೆ ಹೊರಡುವ ಮೊದಲು ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು. “ಪೆನ್ಸಿಲ್?” “ಚೆಕ್.” “ವಾಟರ್?” “ಚೆಕ್.” ಅವರು ಹೆಸರು ಮುಗಿಸುವ ಮೊದಲೇ ನನ್ನ ಉತ್ತರ ಬಂದಿರುತ್ತಿತ್ತು. ಅದರಲ್ಲೇ ಖುಷಿ.

ಆಯಿಗೆ ಇದು ಸೇರುತ್ತಿರಲಿಲ್ಲ. “ಚೆಕ್ ಚೆಕ್ ಅಂತ ಹಲ್ಲಿ ಹಂಗ ಯಾಕ ಲೊಚಗುಡತಿ? ಹಲ್ಲಿ ಖರೇ ಮಾತಿಗಷ್ಟ ಲೊಚಗುಡತೈತಿ. ನೀ ನೋಡ್ಕೊ.”

“ನೋಡದ ಚೆಕ್ ಅನಬಾರದು,” ಎಂದು ಕಾಕಾ ಕೂಡ ಹೇಳಿದ್ದರು. “ಒಂದ ಸುಳ್ಳ ಚೆಕ್‌ಗ ಇಡೀ ಹಡಗ ಹೋಗತೈತಿ.” ಇದನ್ನು ಅವರು ನಿಜಕ್ಕೂ ಹೇಳಿದರೋ, ಆಮೇಲೆ ನಾನೇ ಅವರ ಬಾಯಿಗೆ ಹಾಕಿದೆನೋ ಹೇಳಲಾರೆ.

ಆ ವರ್ಷ ಹೊಳೆ ಏರತೊಡಗಿದಾಗ ಮೊದಲ ಮೂರು ದಿನ ನಮಗೆಲ್ಲ ಆಟವಾಗಿತ್ತು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆಂದು ಊರೆಲ್ಲ ಮಾತು. ಕಾಕಾ ರಜೆ ಹಾಕಿ ಬಂದಿದ್ದರು. ಮುಳುಗದೆ ಉಳಿದ ಮೆಟ್ಟಿಲುಗಳನ್ನು ಇಂಗ್ಲಿಷಿನಲ್ಲಿ ಹಿಂದಿನಿಂದ ಎಣಿಸಬೇಕೆಂದು ಹೇಳಿಕೊಟ್ಟರು. ಬೆಳಿಗ್ಗೆ ನೈನ್ ಇದ್ದದ್ದು ಸಂಜೆಗೆ ಸೆವೆನ್. ಓಣಿಯ ಮಕ್ಕಳೆಲ್ಲ ನನ್ನ ಜೊತೆ ಕೂಗುತ್ತಿದ್ದರು. ದೊಡ್ಡವರೂ ನಗುತ್ತಿದ್ದರು. ಫೈವ್ ಎಂದ ದಿನ ನಗು ಕಡಿಮೆಯಾಯಿತು. ಹೊಳೆಯ ಸಪ್ಪಳ ನಿಂತುಹೋಗಿತ್ತು. ಅಷ್ಟು ನೀರು ಸಪ್ಪಳವಿಲ್ಲದೆ ಹೋಗುವುದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಇರುವೆಗಳು ತತ್ತಿ ಹೊತ್ತು ನಮ್ಮ ಅಡಿಗೆಮನೆಯ ಗೋಡೆ ಏರುತ್ತಿದ್ದವು. ಆಯಿ ಅವುಗಳ ದಾರಿ ತುಳಿಯದಂತೆ ಸುತ್ತು ಹಾಕಿ ಒಲೆಯ ಹತ್ತಿರ ಹೋಗುತ್ತಿದ್ದಳು. ಟೂ ಎಂದಾಗ ನನ್ನ ಜೊತೆ ಯಾರೂ ಕೂಗಲಿಲ್ಲ. ಕಥೆಗಳಲ್ಲಿ ಎಣಿಕೆ ಮುಗಿದ ಮೇಲೆ ಹಡಗು ಮೇಲೆ ಹೋಗುತ್ತಿತ್ತು. ಇಲ್ಲಿ ಮೇಲೆ ಬರುತ್ತಿದ್ದದ್ದು ನೀರು.

ಮರುದಿನ ಬೆಳಿಗ್ಗೆ ಅದು ಓಣಿಗೆ ಬಂತು. ಅಪ್ಪ ಹಿಂದಿನ ದಿನವೇ ಎತ್ತುಗಳನ್ನು ಎತ್ತರದ ಹೊಲಕ್ಕೆ ಹೊಡೆದುಕೊಂಡು ಹೋಗಿದ್ದರು. ಹಾಲು ಬೇಕೆಂದು ಎಮ್ಮೆಯನ್ನೂ ಅದರ ಕರುವನ್ನೂ ಮನೆಯಲ್ಲಿ ಉಳಿಸಿಕೊಂಡಿದ್ದೆವು. ನೆರೆಮನೆಯವರ ಟ್ರ್ಯಾಕ್ಟರು ಬಾಗಿಲಿಗೆ ಬಂದು ನಿಂತಿತು. ಟ್ರೇಲರಿನಲ್ಲಿ ಆಗಲೇ ಎರಡು ಮನೆಯ ಮಂದಿ. ಕರುವನ್ನು ಎತ್ತಿ ಹಾಕಿದರು, ಎಮ್ಮೆಗೆ ಜಾಗವಿರಲಿಲ್ಲ.

“ಹಿತ್ತಲಕ್ಕ ಹೋಗಿ ಎಮ್ಮಿ ಹಗ್ಗ ಬಿಚ್ಚಿ ಬಾ,” ಎಂದು ಕಾಕಾ ನನಗೆ ಹೇಳಿದರು. “ಬಿಚ್ಚಿದ್ರ ಸಾಕು. ಅದು ಈಸತೈತಿ, ತಾನ ದಂಡಿಗೆ ಬರತೈತಿ.”

ದಿನಾ ಸಂಜೆ ನೀರಿಗೆ ಬಿಡಲು ಆ ಹಗ್ಗ ಬಿಚ್ಚುತ್ತಿದ್ದವಳು ನಾನೇ. ಹಾಗಾಗಿ ಅದು ನನ್ನ ಕೆಲಸ. ನನ್ನ ನೆನಪಿನಲ್ಲಿ ನಾನು ಹಿತ್ತಲ ಬಾಗಿಲು ದಾಟಿದೆ, ನೀರು ಮೊಣಕಾಲ ಹತ್ತಿರ ಇತ್ತು, ಕೊಟ್ಟಿಗೆಯಲ್ಲಿ ಎಮ್ಮೆ ನನ್ನ ಕಡೆ ತಿರುಗಿ ನೋಡಿತು. ಆದರೆ ಅವ್ವನ ಪ್ರಕಾರ ನಾನು ಒಳಕೋಣೆಗೆ ಹೋದವಳು ಅಲ್ಲಿಂದಲೇ ಓಡಿ ಬಂದೆ. ಎಮ್ಮೆಯ ಆ ನೋಟವನ್ನು ನಾನು ಆಮೇಲೆ ಕಟ್ಟಿಕೊಂಡಿರಬಹುದು. ಕೊನೆಗೆ ಎಲ್ಲಿ ಹೋದೆ ಎಂಬುದರಲ್ಲಿ ಅವ್ವ, ನಾನು ಇಬ್ಬರದೂ ಒಂದೇ ಮಾತು. ಮಾಡದಿಂದ ನೋಟುಬುಕ್ ತೆಗೆದು, ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಫ್ರಾಕಿನೊಳಗೆ ಇಟ್ಟುಕೊಂಡು ಟ್ರೇಲರ್ ಹತ್ತಿದೆ.

ಕಾಕಾ ಬಾಗಿಲಲ್ಲಿ ನಿಂತು ಪಟ್ಟಿ ಓದತೊಡಗಿದರು. ಮಕ್ಕಳು ಅಳುತ್ತಿದ್ದವು. ಆಟವಾಗಲಿ ಎಂದು ಇಂಗ್ಲಿಷಿನಲ್ಲಿ ಓದಿದರೆನ್ನಿಸುತ್ತದೆ.

“ಸ್ಟೋವ್?” “ಚೆಕ್.” “ರೇಷನ್ ಕಾರ್ಡ್?” “ಚೆಕ್.”

“ಏ ರಾಕೆಟ್ ಮಾಸ್ತರ,” ಎಂದು ಟ್ರ್ಯಾಕ್ಟರಿನವನು ಕೂಗಿದ. “ಚಂದ್ರನ ಮ್ಯಾಲೆ ಆಮ್ಯಾಲೆ ಹೋಗೂಣು, ಮದಲ ಗಾಡಿ ಹತ್ತ್ರಿ. ಗಾಲಿ ಮುಳಗಾಕತ್ತಾವು.”

“ಬಫೆಲೊ?” ಎಂದರು ಕಾಕಾ.

“ಚೆಕ್,” ಎಂದೆ ನಾನು.

ಅವರು ನನ್ನನ್ನು ನೋಡಿದರು. ನನ್ನ ಫ್ರಾಕಿನ ಮೇಲೆ ಚೀಲ ಉಬ್ಬಿಕೊಂಡಿತ್ತು, ಅದನ್ನೂ ನೋಡಿದರೇನೋ. ಆಮೇಲೆ ಹಿತ್ತಲ ಕಡೆ ತಲೆ ತಿರುಗಿಸಿದರು, ಬಾಗಿಲಿಗೆ ಬೀಗ ಹಾಕಿದರು, ಹತ್ತಿದರು. ತಲೆ ತಿರುಗಿಸಿದ್ದು ಬೀಗ ಹಾಕುವ ಮೊದಲೋ, ಆಮೇಲೋ? ಇಷ್ಟು ವರ್ಷ ಆ ಎರಡನ್ನು ಅದಲುಬದಲು ಮಾಡಿ ನೋಡಿದ್ದೇನೆ.

ಎತ್ತರದ ಊರಿನ ಶಾಲೆಯಲ್ಲಿ ಗಂಜಿ ಕೇಂದ್ರ ಮಾಡಿದ್ದರು. ಆಯಿ ಹೊತ್ತು ಮುಳುಗುವುದರೊಳಗೆ ಒಂದು ತುತ್ತು ತಿಂದು ಗೇಟಿನ ಹತ್ತಿರ ಕೂಡುತ್ತಿದ್ದಳು. ಈಸಿ ಬಂದ ದನಗಳನ್ನು ಜನ ಆ ದಾರಿಯಲ್ಲೇ ಹೊಡೆದುಕೊಂಡು ಬರುತ್ತಿದ್ದರು. ಪ್ರತಿ ಎಮ್ಮೆಗೂ ಆಯಿ ಎದ್ದು ನಿಂತು, ಕೋಡು ನೋಡಿ, ಮತ್ತೆ ಕೂಡುತ್ತಿದ್ದಳು. ಕರು ಶಾಲೆಯ ಕಂಬಕ್ಕೆ ಕಟ್ಟಿಸಿಕೊಂಡು ಒದರುತ್ತಿತ್ತು. “ಬರತೈತಿ ಬಿಡ, ಎಮ್ಮಿಗೆ ಈಸಾಕ ಯಾರರ ಕಲಸಬೇಕೇನು?” ಎಂದು ಆಯಿ ಅದರ ಮೈ ಸವರುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ನೋಟುಬುಕ್ಕಿನ ಒದ್ದೆ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಹೇಳಲಿಲ್ಲ. ಮೊದಲ ದಿನ ಹೇಳಿದ್ದರೆ ಯಾರಾದರೂ ದೋಣಿಯಲ್ಲಿ ಹೋಗುತ್ತಿದ್ದರೇ? ನೀರು ಅಷ್ಟರಲ್ಲಿ ಕೊಟ್ಟಿಗೆಯ ಮಾಳಿಗೆಗೆ ಮುಟ್ಟಿತ್ತೇ? ಗೊತ್ತಿಲ್ಲ. ಕಾಕಾ ಆ ದಿನಗಳಲ್ಲಿ ಗೇಟಿನ ಕಡೆ ಬರಲೇ ಇಲ್ಲ ಎಂಬುದು ಮಾತ್ರ ನೆನಪಿದೆ.

ನೀರು ಇಳಿದ ಮೇಲೆ ಅಪ್ಪನೇ ಮೊದಲು ಮನೆಗೆ ಹೋಗಿ ಬಂದರು. ಎಮ್ಮೆ ಗೂಟಕ್ಕೇ ಇತ್ತು. ಹಗ್ಗ ಬಿಗಿದು ಕಲ್ಲಾಗಿತ್ತು, ಕುಡಗೋಲಿನಿಂದ ಕೊಯ್ಯಬೇಕಾಯಿತು ಎಂದರು.

“ಹಗ್ಗ ಬಿಚ್ಚಾಕ ಯಾರಿಗೆ ಹೇಳಿದ್ದಿ?” ಎಂದು ಆಯಿ ಕಾಕಾನನ್ನು ಕೇಳಿದಳು.

ನಾನು ಅವ್ವನ ಹಿಂದೆ ನಿಂತಿದ್ದೆ.

“ಯಾರಿಗೂ ಇಲ್ಲ. ನಾನ ಮರತೆ,” ಎಂದರು ಕಾಕಾ.

ನಾವು ಜೈನರು. ದೀಪಕ್ಕೆ ಹುಳ ಬಿದ್ದರೂ ಆಯಿ ಅಂದಿನ ಒಂದು ಊಟ ಬಿಡುತ್ತಿದ್ದಳು. ಬಸ್ತಿಗೆ ಬಂದಿದ್ದ ಮುನಿಗಳ ಮುಂದೆ ಕೂತು, “ನಮ್ಮ ಮನಿ ಹಗ್ಗಕ್ಕ ಒಂದ ಜೀವ ಹೋತ್ರಿ,” ಎಂದು ಹೇಳಿ, ಹಾಲು, ಮೊಸರು, ತುಪ್ಪವನ್ನು ಸಾಯುವ ತನಕ ಬಿಟ್ಟಳು. ಆ ನೇಮವನ್ನು ಅವಳು ಮಗನ ಪಾಪಕ್ಕೆ ಹಿಡಿದಳು. ಕರು ದೊಡ್ಡದಾಗಿ, ಈದು, ಹಾಲು ಕೊಡತೊಡಗಿದಾಗ ಅದರ ಮೊದಲ ಲೋಟವನ್ನು ನನ್ನ ಮುಂದೆ ಸರಿಸಿ, “ಕುಡಿ, ಓದೋ ಹುಡುಗಿ,” ಎನ್ನುತ್ತಿದ್ದಳು. ನಾನು ಕುಡಿದೆ. ಹನ್ನೆರಡು ವರ್ಷ ಕುಡಿದೆ.

ಕಾಕಾನ ಮೇಲೆ ಊರು ಒಂದು ಮಾತು ಕಟ್ಟಿತು: “ಚಂದ್ರಲೋಕಕ್ಕ ಹೋಗಾಂವಗ ಎಮ್ಮಿ ಹಗ್ಗ ಬಿಚ್ಚಾಕ ಬರಲಿಲ್ಲ.” ಕಟಿಂಗ್ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆಯ ಪಂಕ್ತಿಯಲ್ಲಿ ಅವರ ಕಿವಿಗೆ ಬೀಳುವಂತೆಯೇ ಆಡುತ್ತಿದ್ದರು. ಅವರೂ ನಗುತ್ತಿದ್ದರು. ರದ್ದಿ ಅಂಗಡಿಯ ಪುಸ್ತಕಗಳು ಬರುವುದು ನಿಂತಿತು. ಬಾಗಿಲಲ್ಲಿ ನಿಂತು ಪಟ್ಟಿ ಓದುವುದು ನಿಂತಿತು. ನಾನು ಮಾತ್ರ ನೋಟುಬುಕ್ಕಿನ ಶಬ್ದಗಳಿಂದಲೇ ಮುಂದೆ ಹೋದೆ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಈಗ ಚಿಕ್ಕೋಡಿಯ ಕಾಲೇಜೊಂದರಲ್ಲಿ ಕಲಿಸುತ್ತೇನೆ. ಹಳ್ಳಿಯಿಂದ ಬರುವ ಹುಡುಗಿಯರು, “ಮಿಸ್, ನೀವ್ ಇಂಗ್ಲೀಷ್ ಹೆಂಗ ಕಲತ್ರಿ?” ಎಂದು ಕೇಳಿದಾಗ ಆಕಾಶದ ಕಥೆಗಳಿಂದ ಎನ್ನುತ್ತೇನೆ. ಅವರಿಗೂ ಅದೇ ರೀತಿ ಕಲಿಸುತ್ತೇನೆ, ಅಪಾಯದ ಜಾಗದಲ್ಲಿ ಒಂದು ಶಬ್ದ ಬಿಟ್ಟು. ಅದು ಚೆನ್ನಾಗಿ ನಡೆಯುತ್ತದೆ. ಅವರ ಮುಖಗಳಲ್ಲಿ ಹೆದರಿಕೆ ಬಂದು ಶಬ್ದ ಒಳಗಿಳಿಯುವುದನ್ನು ನೋಡುವಾಗ ಒಮ್ಮೊಮ್ಮೆ ನಾನು ಬೋರ್ಡಿನ ಕಡೆ ತಿರುಗಿಬಿಡುತ್ತೇನೆ.

ಆಯಿ ತೀರಿಕೊಂಡಾಗಲೂ ಅವಳ ಬಾಯಿಗೆ ಹಾಲು ಹೋಗಲಿಲ್ಲ. ಅವಳಿಗೆ ಹೇಳುವ ಅವಕಾಶ ಅಲ್ಲಿಗೆ ಮುಗಿಯಿತು.

ಅಪ್ಪ ಅವ್ವ ಈಗ ನನ್ನ ಜೊತೆ ಚಿಕ್ಕೋಡಿಯಲ್ಲಿದ್ದಾರೆ. ಕಾಕಾ ನಿವೃತ್ತರಾಗಿ ಊರಲ್ಲೇ ಉಳಿದರು. ಈ ಮಳೆಗಾಲದಲ್ಲಿ ಹೊಳೆ ಮತ್ತೆ ಏರಿತು. ಅವರನ್ನು ಕರೆದುಕೊಂಡು ಬರಲು ಹೋದೆ. ಮೇಲಿನ ಮೆಟ್ಟಿಲ ಮೇಲೆ ಕೂತಿದ್ದರು. ಕೆಳಗಿನ ನೀರಿಗೆ ಸಪ್ಪಳವಿರಲಿಲ್ಲ.

“ಎಷ್ಟ ಉಳದಾವ್ರಿ?” ಎಂದೆ.

“ನಾಕ,” ಎಂದರು. ಫೋರ್ ಎನ್ನಲಿಲ್ಲ.

ಮನೆಗೆ ಬಂದು ಅವರ ನಾಲ್ಕು ಬಟ್ಟೆ ಚೀಲಕ್ಕೆ ಹಾಕಿದೆ. ಗ್ಯಾಸ್ ಬಂದ್ ಆಗಿದೆಯೇ ಎಂದು ಮೂರು ಸಲ ಮುಟ್ಟಿ ನೋಡಿದೆ. ಯಾರೂ ಕೇಳದಿದ್ದರೂ ಹಿತ್ತಲಿಗೆ ಹೋಗಿ ಖಾಲಿ ಕೊಟ್ಟಿಗೆಯನ್ನೂ ನೋಡಿ ಬಂದೆ. ಗೂಟ ಅಲ್ಲೇ ಇತ್ತು. ಕಾಕಾ ಬಾಗಿಲಲ್ಲಿ ಬೀಗ ಹಿಡಿದು ನಿಂತು, ನಾನು ಎಲ್ಲಿಗೆ ಹೋಗಿ ಬಂದೆ ಎಂಬುದನ್ನು ನೋಡುತ್ತಿದ್ದರು. ಆಗ ಕೇಳಿದೆ.

“ಕಾಕಾ, ಆವತ್ತ ನಾ ಚೆಕ್ ಅಂದದ್ದು ಸುಳ್ಳ ಅಂತ ನಿಮಗ ಆಗಲೇ ಗೊತ್ತಿತ್ತೇನ್ರಿ?”

ಅವರು ಬೀಗ ಹಾಕಿದರು, ಒಮ್ಮೆ ಜಗ್ಗಿ ನೋಡಿದರು, “ನಡಿ, ಬಸ್ಸ ತಪ್ಪತೈತಿ,” ಎಂದರು. ಈಗ ನಮ್ಮ ಮನೆಯ ಹೊರಕೋಣೆಯಲ್ಲಿ ಇದ್ದಾರೆ. ದಿನಾ ಮಾತಾಡುತ್ತೇವೆ. ಆ ಮಾತಿಗೆ ಮಾತ್ರ ಅವರು ಇನ್ನೂ ಉತ್ತರ ಕೊಟ್ಟಿಲ್ಲ.