ಅತ್ತೆಯ ಜೊತೆ ಹೋಟೆಲಿಗೆ

ಅತ್ತೆ ಮಂಡ್ಯದ ನಮ್ಮ ಮನೆಗೆ ಬಂದು ನಿಂತದ್ದು ಕಣ್ಣಿನ ಪೊರೆ ತೆಗೆಸಿಕೊಳ್ಳುವುದಕ್ಕೆ. ಅವರು ಇರುವುದು ಕೆರಗೋಡಿನಲ್ಲಿ, ದೊಡ್ಡ ಮಗನ ಮನೆಯಲ್ಲಿ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಮೊದಲು ಎಡಗಣ್ಣು, ಒಂದೂವರೆ ತಿಂಗಳು ಬಿಟ್ಟು ಬಲಗಣ್ಣು ಎಂದು ಮಂಡ್ಯದ ಡಾಕ್ಟರು ಹೇಳಿದರು. ನಡುವೆ ಆಗಾಗ ತೋರಿಸಬೇಕು, ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕಬೇಕು. ನಾನು ಮದ್ದೂರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ನನ್ನ ದಸರಾ ರಜೆ ನೋಡಿಕೊಂಡೇ ಆಪರೇಷನ್ನಿನ ದಿನ ಗೊತ್ತು ಮಾಡಿದೆವು.

ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿದ್ದರೂ ನನಗೂ ಅತ್ತೆಗೂ ಅಷ್ಟು ಸಲಿಗೆ ಇರಲಿಲ್ಲ. ಜಗಳವೂ ಇರಲಿಲ್ಲ. ಹಬ್ಬಕ್ಕೆ ಹೋಗುತ್ತಿದ್ದೆವು, ಎರಡು ದಿನ ಇದ್ದು ಬರುತ್ತಿದ್ದೆವು. ನಾನು ಮೈಸೂರಿನಲ್ಲಿ ಬೆಳೆದವಳು. ರಾಗಿ ಮುದ್ದೆ ತೊಳಸಿ ಕಟ್ಟುವುದನ್ನು ಕಲಿತದ್ದೇ ಮದುವೆಯಾದ ಮೇಲೆ. ನಾನು ಬಡಿಸಿದ ಮುದ್ದೆಯನ್ನು ಅತ್ತೆ ಮೊದಲು ಎರಡು ಭಾಗ ಮಾಡಿ ಒಳಗೆ ನೋಡುತ್ತಿದ್ದರು. ಗಂಟು ಕಂಡರೆ ಏನೂ ಅನ್ನದೆ ತಟ್ಟೆಯ ಅಂಚಿಗೆ ತೆಗೆದಿಡುತ್ತಿದ್ದರು. ಅವರು ಬಾಯಿಬಿಟ್ಟು ಬೈದಿದ್ದರೂ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲವೇನೋ.

ಆಪರೇಷನ್ ಸಲೀಸಾಗಿ ಮುಗಿಯಿತು. ಮಾರನೆಯ ದಿನ ಪಟ್ಟಿ ಬಿಚ್ಚಿಸಲು ಬೆಳಿಗ್ಗೆ ಎಂಟಕ್ಕೇ ಬನ್ನಿ ಅಂದಿದ್ದರು. ಬೇಗ ಮುಗಿಯುತ್ತದೆ, ಬಂದು ತಿಂಡಿ ಮಾಡಿದರಾಯಿತು ಎಂದುಕೊಂಡು ನಾನು ಬರಿ ಕಾಫಿ ಕುಡಿಸಿ ಕರೆದುಕೊಂಡು ಹೋದೆ. ಡಾಕ್ಟರು ಬಂದದ್ದೇ ಹತ್ತೂವರೆಗೆ. ಪಟ್ಟಿ ಬಿಚ್ಚಿ, ನೋಡಿ, ಕಪ್ಪು ಕನ್ನಡಕ ಹಾಕಿ ಕಳಿಸುವಾಗ ಹನ್ನೊಂದು ದಾಟಿತ್ತು. ಅತ್ತೆ ಮಾತ್ರೆ ಬೇರೆ ನುಂಗಬೇಕಿತ್ತು. ಆಸ್ಪತ್ರೆಯ ಎದುರಿಗೇ ಒಂದು ಹಳೆಯ ಹೋಟೆಲು.

"ಅತ್ತೆ, ಇಲ್ಲೇ ಏನಾದ್ರೂ ತಿಂದುಬಿಡೋಣ" ಅಂದೆ.

"ಓಟ್ಲಾ? ನಾನ್ ಬರಾಕಿಲ್ಲ ಕಣಮ್ಮ. ಎಲ್ಡ್ ಬಾಳೆಹಣ್ಣು ತಕೊ, ಸಾಕು."

"ಬಾಳೆಹಣ್ಣು ತಿಂದು ಆ ಮಾತ್ರೆ ನುಂಗಿದ್ರೆ ಹೊಟ್ಟೆ ಉರಿಯುತ್ತೆ ಅತ್ತೆ. ಬನ್ನಿ."

ಅವರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ನಾನು ಬೇಡ ಎನ್ನುವಷ್ಟರಲ್ಲಿ ಒಳಗೆ ಕಾಲಿಟ್ಟಾಗಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಪ್ಪು ಕನ್ನಡಕದಲ್ಲಿ, ಬೆಂಚಿನ ತುದಿಯಲ್ಲಿ ಕುಳಿತರು. ಸಪ್ಲೈಯರು ಬಂದು ಇಡ್ಲಿ, ವಡೆ, ಖಾರಾಬಾತು, ಪೂರಿ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಇಡ್ಲಿ ಹೇಳೋಣ ಎಂದು ನಾನು ಬಾಯಿ ತೆರೆಯುವಾಗ ಅತ್ತೆ ನನ್ನ ಮೊಣಕೈ ಮುಟ್ಟಿದರು.

"ದ್ವಾಸೆ ಅದಾ ಕೇಳು."

ಇತ್ತು. ಎರಡು ಮಸಾಲೆ ದೋಸೆ ಹೇಳಿದೆ. ದೋಸೆ ಬಂದಾಗ ಅತ್ತೆ ಅದರ ಅಂಚನ್ನು ಬೆರಳಲ್ಲಿ ಒತ್ತಿದರು. ಅದು ಪಟ್ ಎಂದು ಮುರಿಯಿತು. ಕೈ ಹಿಂದಕ್ಕೆ ಎಳೆದುಕೊಂಡು ನನ್ನ ಮುಖ ನೋಡಿದರು.

"ಇದು ಇಂಗೇ ಇರದಾ?"

"ಹೂಂ ಅತ್ತೆ, ಬಿಸಿಯಾಗಿದ್ದಾಗ ಗರಿಗರಿ ಇರುತ್ತೆ."

ಅವರು ಒಂದು ತುತ್ತು ತಿಂದರು, ಇನ್ನೊಂದು ತಿಂದರು. ಆಮೇಲೆ ತಿನ್ನುತ್ತಲೇ ಹೇಳತೊಡಗಿದರು. ನಮ್ಮ ಮಾವ ಇದ್ದ ಕಾಲದಲ್ಲಿ ಮನೆಯದೇ ಆಲೆಮನೆ ಇತ್ತು. ಬೆಲ್ಲವನ್ನು ಮಂಡ್ಯದ ಮಂಡಿಗೆ ತರುವಾಗ ಒಮ್ಮೊಮ್ಮೆ ಅತ್ತೆಯೂ ಗಾಡಿಯಲ್ಲಿ ಬರುತ್ತಿದ್ದರು, ಸೀರೆಗೋ ಪಾತ್ರೆಗೋ. ಮಾವ ಮಂಡಿಯವರ ಜೊತೆ ಹೋಟೆಲಿಗೆ ಹೋಗುತ್ತಿದ್ದರು. ಅತ್ತೆ ಹುಣಸೆ ಮರದ ನೆರಳಲ್ಲಿ ಗಾಡಿ ಕಾಯುತ್ತಾ ಕೂತಿರುತ್ತಿದ್ದರು. ಮಾವ ವಾಪಸು ಬರುವಾಗ ಎಲೆಯಲ್ಲಿ ಸುತ್ತಿಸಿ ಒಂದು ದೋಸೆ ತರುತ್ತಿದ್ದರು. ಅದನ್ನು ಅತ್ತೆ ಗಾಡಿಯಲ್ಲಿ ಕೂತು ತಿನ್ನುತ್ತಿದ್ದರು.

"ಮನೇಲಿ ನಾವ್ ಉಯ್ಯೋದು ದಪ್ಪುನ್ ದ್ವಾಸೆ. ಓಟ್ಲುದು ಅಂದ್ರೆ ತೆಳ್ಳಗೆ, ಮೆತ್ಗೆ, ಒದ್ದೆ ಬಟ್ಟೆ ಇದ್ದಂಗೆ ಇರದೇ ಸರಿ ಅನ್ಕಂಡಿದ್ದೆ. ನಿಮ್ಮಾವ ಇದುನ್ನ ಇಂಗ್ ತಿನ್ಕಂಡು, ನಂಗ್ ಅಂಗ್ ತಂದ್ಕೊಡೋನು ನೋಡು!"

"ನೀವೂ ಒಳಗೆ ಬರ್ತೀನಿ ಅನ್ನಬೇಕಿತ್ತು ಅತ್ತೆ."

"ಯಾವೆಂಗ್ಸು ಓಯ್ತಿದ್ಲವ್ವ ಆಗ? ಕರುದ್ರೂ ನಾನ್ ಓಯ್ತಿರ್ನಿಲ್ಲ. ಆದ್ರೂ ಒಂದ್ಸಲ ಕರೀಬೌದಾಗಿತ್ತು."

ಅರ್ಧ ದೋಸೆ ಉಳಿದಾಗ ಅದನ್ನು ತಟ್ಟೆಯ ಬದಿಗೆ ಸರಿಸಿ, ಮಗನಿಗೆ ಕಟ್ಟಿಸಿಕೊಂಡು ಹೋಗೋಣ ಎಂದರು. ನಾನು ಒಪ್ಪಲಿಲ್ಲ. ನಿಮ್ಮ ಮಗ ದಿನಾ ಮಧ್ಯಾಹ್ನ ಹೊರಗೇ ತಿನ್ನುತ್ತಾರೆ, ಇದು ನಿಮ್ಮದು, ತಿನ್ನಿ ಎಂದೆ. ಅಷ್ಟು ಗಟ್ಟಿಯಾಗಿ ಅವರಿಗೆ ನಾನು ಹಿಂದೆಂದೂ ಹೇಳಿರಲಿಲ್ಲ. ಅತ್ತೆ ತಿಂದು ಮುಗಿಸಿದರು, ಚಟ್ನಿಯನ್ನೂ ಬಿಡದೆ.

ಮುಂದಿನ ಸಲ ತೋರಿಸಲು ಹೋಗುವ ದಿನ ನಾನು ಏಳುವ ಹೊತ್ತಿಗೆ ಅತ್ತೆ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ಕೂತಿದ್ದರು. ಉಪ್ಪಿಟ್ಟು ಮಾಡಲೇ ಎಂದರೆ, "ಬ್ಯಾಡ ಬುಡು. ಅಲ್ಲೇ ತಿನ್ಕಂಡ್ರಾಯ್ತು. ಆದ್ರೆ ಓದ್ಸಲ ಓಗಿದ್ದು ಬ್ಯಾಡ, ಬ್ಯಾರೆ ಕಡೀಕೋಗಾನ" ಎಂದರು.

ಹೀಗೆ ಶುರುವಾಯಿತು. ಮಾರ್ಕೆಟ್ಟಿನ ಹತ್ತಿರ ಒಂದು ಕಡೆ ತಟ್ಟೆ ಇಡ್ಲಿ ತಿಂದೆವು. ಇಡ್ಲಿ ಪಾಸಾಯಿತು, ಸಾಂಬಾರು ಫೇಲಾಯಿತು. ಅದಕ್ಕೆ ಬೆಲ್ಲ ಹಾಕಿದ್ದಾರೆ ಎಂದು ಅತ್ತೆಗೆ ಸಿಟ್ಟು. ನಾನು ಅಭ್ಯಾಸಬಲದಿಂದ ಬೈ ಟು ಕಾಫಿ ಎಂದೆ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ತಂದಿಟ್ಟದ್ದನ್ನು ಕಂಡು ಅವರಿಗೆ ಅವಮಾನವೇ ಆಯಿತು. "ಇಬ್ರು ಬಂದಿದ್ದೀವಿ, ಒಂದ್ ಕಾಪಿ ಕೊಟ್ಟವ್ನಲ್ಲಾ! ಏನಯ್ಯಾ, ಇನ್ನೊಂದ್ ತತ್ತಾ!" ಎಂದು ಸಪ್ಲೈಯರನ್ನು ಕೂಗಿದರು. ಪಕ್ಕದ ಟೇಬಲ್ಲಿನವರೆಲ್ಲ ತಿರುಗಿ ನೋಡಿದರು. ಮೊದಲ ದಿನ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದವರು ಇವರೇನಾ ಅನ್ನಿಸಿ ನನಗೆ ನಗು ತಡೆಯಲಾಗಲಿಲ್ಲ.

ಇನ್ನೊಂದು ದಿನ ಬಿಸಿಲಲ್ಲಿ ನಡೆದು ಬರುವಾಗ ಕಬ್ಬಿನ ಹಾಲಿನ ಗಾಡಿಯ ಮುಂದೆ ನಿಂತೆ. ಆಲೆಮನೆಯಲ್ಲಿ ಬಾಳಿದ ಹೆಂಗಸು. ಕಬ್ಬಿನ ಹಾಲನ್ನು ಕೊಂಡು ಕುಡಿಯುವುದು ಅವರಿಗೆ ಬಾವಿ ನೀರು ಕೊಂಡುಕೊಂಡ ಹಾಗೆ. ಗಾಡಿಯವನನ್ನು ಇದು ಯಾವ ಕಬ್ಬು, ಕಡಿದು ಎಷ್ಟು ದಿನವಾಯಿತು ಎಂದೆಲ್ಲ ವಿಚಾರಣೆ ಮಾಡಿದರು. ಐಸು ಹಾಕಲು ಹೋದವನ ಕೈ ತಡೆದರು. ಅವನು ನಗುತ್ತಾ ಶುಂಠಿ, ನಿಂಬೆಹಣ್ಣು ಸೇರಿಸಿ ಅರೆದು ಕೊಟ್ಟ. ಒಂದು ಗುಟುಕು ಕುಡಿದು, "ಶುಂಠಿ ಆಕೋದು ನಮ್ಗೆ ಒಳೀಲೇ ಇಲ್ಲ ನೋಡು" ಎಂದು ಒಪ್ಪಿಕೊಂಡರು.

ರಜೆ ಮುಗಿದು ನನಗೆ ಶಾಲೆ ಶುರುವಾಯಿತು. ಮೊದಲ ಶನಿವಾರದ ಹಿಂದಿನ ಸಂಜೆ ಅತ್ತೆ, "ನಾಳೆ ಅರ್ಧ ದಿನ ತಾನೇ? ನಾನೂ ಬತ್ತೀನಿ. ಮದ್ದೂರ್ ವಡೆ ಮದ್ದೂರಲ್ಲೇ ತಿನ್ಬೇಕಂತೆ" ಎಂದರು. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೊರಟೆವು. ಕಿಟಕಿ ಪಕ್ಕ ಕೂತು, ಹನಕೆರೆ ಸ್ಟೇಷನ್ನಿನ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ತಾವೇ ಓದಿದರು. ಮದ್ದೂರಿನ ಪ್ಲಾಟ್‌ಫಾರ್ಮಿನಲ್ಲಿ ಇಳಿದು, ಕಲ್ಲು ಬೆಂಚಿನ ಮೇಲೆ ಕೂತು, ಕಾಗದದಲ್ಲಿ ಸುತ್ತಿದ ವಡೆ ಬಿಚ್ಚಿದೆವು. ಅತ್ತೆ ಅದನ್ನು ಮುರಿದು ಹೊಸ ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಈರುಳ್ಳಿ ಅದೆ, ಕರಿಬೇವು ಅದೆ, ರವೆ ಅದೆ. ಉದ್ದೇ ಇಲ್ಲ. ಇದುನ್ನ ವಡೆ ಅಂದವ್ನ್ ಯಾವನು? ನಿಪ್ಪಟ್ಟಿನ್ ಜಾತಿ ಇದು" ಎಂದು ತೀರ್ಪು ಕೊಟ್ಟು, ಇನ್ನೊಂದು ತಿಂದರು.

ಶಾಲೆಯಲ್ಲಿ ಅವರನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿ ಹೋಗಿದ್ದೆ. ಅರ್ಧ ಪಾಠ ಆದ ಮೇಲೆ ನೋಡುತ್ತೇನೆ, ವರಾಂಡದ ಕಂಬಕ್ಕೆ ಒರಗಿ ನಿಂತು ನನ್ನ ತರಗತಿಯನ್ನೇ ನೋಡುತ್ತಿದ್ದಾರೆ. ನಾನು ಬೀಜಗಣಿತ ಹೇಳುತ್ತಿದ್ದೆ. ಬೋರ್ಡಿನತ್ತ ತಿರುಗಿ ಲೆಕ್ಕ ಮುಂದುವರಿಸಿದೆ.

ವಾಪಸು ಬರುವಾಗ ರೈಲಿನಲ್ಲಿ ಅವರು ಕೇಳಿದರು: "ದಿನಾ ಇಷ್ಟ್ ದೂರ ಬತ್ತೀಯಲ್ಲಾ, ಒತ್ತಾರೆ ಏನ್ ತಿಂತೀಯಾ?"

ಇಪ್ಪತ್ತೆರಡು ವರ್ಷದಲ್ಲಿ ಅವರು ಈ ಪ್ರಶ್ನೆಯನ್ನು ನನಗೆ ಕೇಳಿದ್ದು ಅದೇ ಮೊದಲು. ಯೋಚಿಸಿದರೆ ಬೇರೆ ಯಾರೂ ಕೇಳಿರಲಿಲ್ಲ. ನಿಜವನ್ನೇ ಹೇಳಿದೆ. ನಿಮ್ಮ ಮಗನಿಗೆ ತಿಂಡಿ ಮಾಡಿಟ್ಟು ಓಡುತ್ತೇನೆ, ತಿನ್ನಲು ಹೊತ್ತು ಸಿಗುವುದಿಲ್ಲ, ತೀರಾ ಹಸಿವಾದರೆ ಸ್ಟೇಷನ್ನಿನಲ್ಲಿ ಒಂದು ವಡೆ, ಟೀ.

"ನಿಪ್ಪಟ್ ತಿನ್ಕಂಡು ಸಂಜೇಗಂಟ ಕೂಗ್ತೀಯಾ ಆ ಮಕ್ಳ್ ಮುಂದೆ?" ಎಂದರು. ಅಷ್ಟೇ.

ಸೋಮವಾರ ಐದೂವರೆಗೆ ಎದ್ದು ಅಡುಗೆಮನೆಗೆ ಹೋದರೆ ದೀಪ ಉರಿಯುತ್ತಿತ್ತು. ಅತ್ತೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಒಲೆಯ ಶಾಖ ಕಣ್ಣಿಗೆ ಆಗದು, ಡಾಕ್ಟರು ಬೇಡ ಅಂದಿದ್ದಾರೆ ಎಂದು ನಾನು ಗದರಿದೆ. "ಕನ್ನಡ್ಕ ಆಕ್ಕಂಡಿದ್ದೀನಲ್ಲ" ಎಂದರು. ಹಾಕಿಕೊಂಡೇ ಇದ್ದರು. ಕೊನೆಗೆ ಅವರು ತಟ್ಟಿಕೊಡುವುದು, ನಾನು ಬೇಯಿಸುವುದು ಎಂದು ರಾಜಿಯಾಯಿತು. ಒಲೆ ಮುಂದೆ ನಿಂತೇ ಎರಡು ರೊಟ್ಟಿ ತಿನ್ನಿಸಿ, ಇನ್ನೆರಡನ್ನು ಡಬ್ಬಿಗೆ ಹಾಕಿ ನನ್ನನ್ನು ಕಳಿಸಿದರು.

ನನ್ನ ಗಂಡನ ಕಚೇರಿ ಇರುವುದು ಮಳವಳ್ಳಿಯಲ್ಲಿ. ಮಧ್ಯಾಹ್ನ ಊಟ ಅಲ್ಲೇ ಒಂದು ಮೆಸ್ಸಿನಲ್ಲಿ. ನಾವು ಎಲ್ಲೆಲ್ಲಿ ತಿಂದೆವು ಎಂದು ಅತ್ತೆ ರಾತ್ರಿ ಊಟದ ಹೊತ್ತಿಗೆ ವರದಿ ಒಪ್ಪಿಸುತ್ತಿದ್ದರೆ ಅವರು ಕೇಳಿ ಕೇಳಿ ಸಾಕಾಗಿ, "ಅವ್ವಾ, ಅವೆಲ್ಲ ತಿಂಡಿ. ಊಟ ಅಂದ್ರೆ ನಮ್ ಮೆಸ್ಸಿಂದು. ಆಯಮ್ಮನ ಮುದ್ದೆ ತಿನ್ಬೇಕು ನೀನು" ಎಂದುಬಿಟ್ಟರು.

ಅತ್ತೆ ಕೈಯಲ್ಲಿದ್ದ ತುತ್ತನ್ನು ಇಳಿಸಿದರು. "ಯಾವೋಳ್ಲಾ ಅವ್ಳು?"

ನಮ್ಮ ಶಾಲೆಯ ವಾರ್ಷಿಕೋತ್ಸವದ ಮಾರನೆಯ ದಿನ ನನಗೆ ರಜೆಯಿತ್ತು. ನಾವಿಬ್ಬರೂ ಮಳವಳ್ಳಿ ಬಸ್ಸು ಹತ್ತಿದೆವು. ಹೆಂಚಿನ ಮನೆಯ ಮುಂದಿನ ಎರಡು ಕೋಣೆಯೇ ಮೆಸ್ಸು. ಬೋರ್ಡೂ ಇಲ್ಲ. ಗೋಡೆಯ ಉದ್ದಕ್ಕೂ ಬೆಂಚು, ಸ್ಟೀಲಿನ ತಟ್ಟೆ, ಒಳಗಿನಿಂದ ಬಸ್ಸಾರಿನ ಒಗ್ಗರಣೆಯ ವಾಸನೆ. ನಡೆಸುವಾಕೆಗೆ ಐವತ್ತರ ಹತ್ತಿರ ಇರಬಹುದು. ಅಡುಗೆಯೂ ಆಕೆಯದೇ, ಬಡಿಸುವುದೂ ಆಕೆಯೇ. ನನ್ನ ಗಂಡ ಕಚೇರಿಯಿಂದ ಬಂದು ಸೇರಿಕೊಂಡರು. ತಟ್ಟೆಗೆ ಮುದ್ದೆ ಬಿತ್ತು. ಅತ್ತೆ ಎಂದಿನಂತೆ ಅದನ್ನು ಎರಡು ಭಾಗ ಮಾಡಿ ಬಗ್ಗಿ ನೋಡಿದರು. ಗಂಟು ಇರಲಿಲ್ಲ. ಅವರು ಉಂಡರು, ಇನ್ನರ್ಧ ಮುದ್ದೆ ಕೇಳಿ ಹಾಕಿಸಿಕೊಂಡರು. ಕೈ ತೊಳೆದವರು ಹೊರಗೆ ಬರದೆ ನೇರ ಅಡುಗೆಮನೆಗೆ ನುಗ್ಗಿದರು. ನಾನು ಹಿಂದೆಯೇ ಓಡಿದೆ.

"ಮುದ್ದೆ ಎಸ್ರಿಗೆ ಅನ್ನ ಆಕ್ತೀಯಾ?"

ಆಕೆ ಬೆಚ್ಚಿ ತಿರುಗಿ ನೋಡಿ, "ಊಂ ಕಣವ್ವ, ಒಂದ್ ಹಿಡಿ ಆಕ್ತೀನಿ" ಎಂದಳು.

"ನಾನೂ ಅಂಗೇ ಮಾಡದು. ಅವ್ನ್ ನನ್ ಮಗ."

"ಅಯ್ಯೋ, ಸಾರ್ ತಾಯಿ ನೀವಾ? ಮೊದುಲ್ನೇ ದಿನ ಉಂಡ್ಬುಟ್ಟು ನಮ್ಮವ್ವ ಮಾಡ್ದಂಗದೆ ಅಂದ್ರು. ಅವತ್ತಿಂದ ಒಂದಿನ ತಪ್ಸಿಲ್ಲ."

ಅತ್ತೆಯ ಮುಖ ನೋಡಬೇಕಿತ್ತು. ಆಮೇಲೆ, "ನಿನ್ ಊಟ ಆಯ್ತಾ?" ಎಂದು ಕೇಳಿದರು. ಗಿರಾಕಿಗಳೆಲ್ಲ ಹೋದ ಮೇಲೆ, ಮೂರೂವರೆ ನಾಲ್ಕಕ್ಕೆ ಎಂದಳು ಆಕೆ. ಅಷ್ಟರಲ್ಲಿ ಜನ ಕರಗಿದ್ದರು; ಹೊರಗೆ ಉಣ್ಣುತ್ತಿದ್ದ ಗಿರಾಕಿಗಳು ಇಬ್ಬರೇ. ಅತ್ತೆ ಸೆರಗು ಸಿಕ್ಕಿಸಿಕೊಂಡು, ಪಾತ್ರೆಯಲ್ಲಿ ಉಳಿದಿದ್ದ ಬೆಂದ ಹಿಟ್ಟಿನಿಂದ ತಾವೇ ಒಂದು ಮುದ್ದೆ ಕಟ್ಟಿ ತಟ್ಟೆಗಿಟ್ಟು, ಸಾರು ಬಿಟ್ಟು, "ಕುಂತ್ಕೊ, ಉಣ್ಣು. ಅವ್ರಿಬ್ಬುರ್ಗೂ ನನ್ ಸೊಸೆ ಬಡಿಸ್ತಾಳೆ" ಎಂದರು. ಆಕೆ ಎಷ್ಟು ಬೇಡವೆಂದರೂ ಬಿಡಲಿಲ್ಲ. ನಾನು ಆ ದಿನ ಮಳವಳ್ಳಿಯಲ್ಲಿ ಇಬ್ಬರು ಗುರುತಿಲ್ಲದ ಗಂಡಸರಿಗೆ ಅನ್ನ, ಮಜ್ಜಿಗೆ ಬಡಿಸಿದೆ. ಅವರಲ್ಲೊಬ್ಬರು ಹೊಸದಾಗಿ ಸೇರಿದ್ದೀರಾ ಎಂದು ಕೇಳಿದರು. ನನ್ನ ಗಂಡ ನಗು ತಡೆಯಲಾರದೆ ಎದ್ದು ಬೀದಿಗೆ ಹೋದರು.

ಬಲಗಣ್ಣಿನ ಆಪರೇಷನ್ನೂ ಆಯಿತು. ಆಮೇಲೆ ಒಂದು ತಿಂಗಳಿದ್ದು ಅತ್ತೆ ಕೆರಗೋಡಿಗೆ ಹೊರಟರು. ಅವರನ್ನು ಬಸ್ಸು ಹತ್ತಿಸಿ ಮನೆಗೆ ಬಂದ ಸಂಜೆ ನನಗೆ ಒಬ್ಬಳಿಗೇ ಕಾಫಿ ಮಾಡಿಕೊಳ್ಳುವ ಮನಸ್ಸಾಗಲಿಲ್ಲ. ಬೆಳಿಗ್ಗೆ ಮಾತ್ರ ಈಗಲೂ ಕಾಲು ಗಂಟೆ ಮುಂಚೆ ಏಳುತ್ತೇನೆ, ತಿಂದೇ ಹೊರಡುತ್ತೇನೆ. ಇಲ್ಲದಿದ್ದರೆ ಸುಳ್ಳು ಹೇಳಬೇಕಾಗುತ್ತದೆ, ಅವರು ಫೋನ್ ಮಾಡಿ ಕೇಳುತ್ತಾರೆ.

ಹೋದ ತಿಂಗಳು ಶಾಲೆಯಲ್ಲಿದ್ದಾಗ ಅತ್ತೆಯ ಫೋನು ಬಂತು. ಬೀದಿಯ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ಮದುವೆ ಸೀರೆಗೆಂದು ಮಂಡ್ಯಕ್ಕೆ ಬಂದಿದ್ದರಂತೆ.

"ಓಟ್ಲಲ್ಲಿದ್ದೀವಿ. ಆ ಕೊಳವೆ ತರ ಉದ್ದುಕ್ ಸುತ್ತಿರ್ತಾರಲ್ಲ, ಏನಂತಾರವ್ವ ಅದುನ್ನ?"

"ಪೇಪರ್ ದೋಸೆ ಅತ್ತೆ."

"ಆಂ, ಅದೇ" ಎಂದವರು ಫೋನ್ ಕಟ್ ಮಾಡುವುದನ್ನು ಮರೆತರು. ನಾನೂ ಮಾಡಲಿಲ್ಲ. ತಟ್ಟೆಗಳ ಸದ್ದು, ಯಾರೋ ಎರಡು ವಡೆ ಎಂದು ಕೂಗಿದ್ದು, ನಡುವೆ ಅತ್ತೆಯ ದನಿ: "ನನ್ ಸೊಸೆ ಕಣ್ರೇ, ಮದ್ದೂರಲ್ಲಿ ಲೆಕ್ಕುದ್ ಮೇಡಮ್ಮು. ಅವ್ಳು ನಿಂತ್ಕಂಡ್ ಪಾಠ ಮಾಡ್ತಾ ಇದ್ರೆ ಒಂದ್ ಮಗಾನೂ ಉಸ್ರ್ ಬುಡಾಕಿಲ್ಲ."

ಒಂಬತ್ತನೇ ತರಗತಿಗೆ ಬೆಲ್ಲು ಹೊಡೆಯಿತು. ಅಲ್ಲಿ ಉಸಿರು ಬಿಡುವುದಿರಲಿ, ಹೊರಗಿನವರೆಗೂ ಗದ್ದಲ ಕೇಳುತ್ತಿತ್ತು. ಫೋನು ಚೀಲದಲ್ಲಿಟ್ಟು ಎದ್ದೆ.